ಹೇರೋಹಳ್ಳಿಯ ಚಂದ್ರ: ಬೀದಿಚಿತ್ರ, ಗ್ಯಾಲರಿ ಮತ್ತು ‘ಏಳಿಗೆ’ಯ ಪ್ರಶ್ನೆ

1

ಕನ್ನಡದ ಸಂಸ್ಕೃತಿ ಅಧ್ಯಯನಗಳಲ್ಲಿ ‘ಬೀದಿ’ ಎಂಬ ಶಬ್ದಕ್ಕೆ ಪಾರಿಭಾಷಿಕವಾದ ತೂಕ ಬಂದದ್ದು ಬೀದಿನಾಟಕದಿಂದ. 1975ರಲ್ಲಿ ಹುಟ್ಟಿದ ‘ಸಮುದಾಯ’ ಸಂಘಟನೆಯು ರಂಗಮಂದಿರದ ಹೊಸ್ತಿಲು ದಾಟಿ ಹೊರಬಂದದ್ದು, ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದ ‘ಬೆಲ್ಚಿ’ ಬಯಲಿನಲ್ಲಿ ಜನರ ನಡುವೆ ಪ್ರದರ್ಶನಗೊಂಡದ್ದು ಆಧುನಿಕ ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ದಾಖಲಾಗಿರುವ ಸಂಗತಿಗಳು. ಈ ನಾಟಕಗಳನ್ನು ಕುರಿತ ಚರ್ಚೆಯಲ್ಲಿ, ಅವು ಮುಂದೆ ಯಾವ ರಂಗಮಂದಿರವನ್ನು ಸೇರಿದವು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬೀದಿಯಲ್ಲಿ ಆಡಿದ್ದರಲ್ಲಿಯೇ ಅವುಗಳ ಸಾರ್ಥಕತೆಯಿದೆ ಎಂಬುದನ್ನು ವಿಮರ್ಶೆ ಒಪ್ಪಿಕೊಂಡಿದೆ. ಬೀದಿಚಿತ್ರದ ವಿಷಯಕ್ಕೆ ಬಂದಾಗ ಮಾತ್ರ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಗೋಡೆಯ ಮೇಲೆ ಅಥವಾ ರಸ್ತೆಯ ಮೇಲೆ ಚಿತ್ರ ಬರೆದ ಕಲಾವಿದನು ಎಷ್ಟು ಬೇಗ ಗ್ಯಾಲರಿಯನ್ನು ಪ್ರವೇಶಿಸಿದ, ಅವನ ಕೃತಿಗೆ ಅಲ್ಲಿ ಎಷ್ಟು ಬೆಲೆ ಬಂತು ಎಂಬುದೇ ಅವನ ‘ಏಳಿಗೆ’ಯ ಅಳತೆಗೋಲಾಗುತ್ತದೆ. ಈ ಅಳತೆಗೋಲು ಎಲ್ಲಿಂದ ಬಂತು ಮತ್ತು ಪಶ್ಚಿಮ ಬೆಂಗಳೂರಿನ ಒಂದು ಹದಗೆಟ್ಟ ರಸ್ತೆಯ ಮುಂದೆ ಅದು ಎಷ್ಟರಮಟ್ಟಿಗೆ ನಿಲ್ಲಬಲ್ಲದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಳತೆಗೋಲಿನ ಮೂಲವನ್ನು ಬಹುಮಟ್ಟಿಗೆ ಒಬ್ಬ ಕಲಾವಿದನ ಜೀವನವೃತ್ತಾಂತದಲ್ಲಿ ಗುರುತಿಸಬಹುದು. 1960ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಜಾನ್ ಮಿಷೆಲ್ ಬಾಸ್ಕಿಯಾ ಹದಿಹರೆಯದಲ್ಲಿ ಗೆಳೆಯ ಅಲ್ ಡಿಯಾಜ್ ಜೊತೆಗೂಡಿ ‘ಸೇಮೋ’ ಎಂಬ ಅಂಕಿತದಲ್ಲಿ ಮ್ಯಾನ್‌ಹಟನ್ನಿನ ಗೋಡೆಗಳ ಮೇಲೆ ಒಗಟಿನಂಥ ವಾಕ್ಯಗಳನ್ನು ಬರೆಯುತ್ತಿದ್ದ. 1980ರ ‘ಟೈಮ್ಸ್ ಸ್ಕ್ವೇರ್ ಶೋ’ ಎಂಬ ಸಾಮೂಹಿಕ ಪ್ರದರ್ಶನದಲ್ಲಿ ಅವನ ಕೆಲಸ ಕಂಡಿತು. 1981ರ ಡಿಸೆಂಬರಿನಲ್ಲಿ ‘ಆರ್ಟ್‌ಫೋರಂ’ ಪತ್ರಿಕೆಯಲ್ಲಿ ರೆನೆ ರಿಕಾರ್ಡ್ ಅವನನ್ನು ಕುರಿತು ಬರೆದ. 1982ರಲ್ಲಿ ಆನೀನಾ ನೊಸೇ ಗ್ಯಾಲರಿಯಲ್ಲಿ ಅಮೆರಿಕದ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅದೇ ವರ್ಷ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ಏಳನೆಯ ಡಾಕ್ಯುಮೆಂಟಾದಲ್ಲಿ ಅವನು ಭಾಗವಹಿಸಿದಾಗ ವಯಸ್ಸು 21. 1985ರ ಫೆಬ್ರುವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಾರದ ಸಂಚಿಕೆಯ ಮುಖಪುಟದಲ್ಲಿ ಸೂಟು ಧರಿಸಿ ಬರಿಗಾಲಿನಲ್ಲಿ ಕುಳಿತ ಅವನ ಚಿತ್ರ ಬಂತು. 1988ರ ಆಗಸ್ಟಿನಲ್ಲಿ, 27ನೆಯ ವಯಸ್ಸಿಗೆ, ಮಾದಕವಸ್ತುವಿನ ಸೇವನೆಯಿಂದ ಅವನು ತೀರಿಕೊಂಡ. 1982ರಲ್ಲಿ ಅವನು ರಚಿಸಿದ ಒಂದು ಚಿತ್ರ 2017ರ ಹರಾಜಿನಲ್ಲಿ 11 ಕೋಟಿ 5 ಲಕ್ಷ ಡಾಲರಿಗೆ ಮಾರಾಟವಾಯಿತು.

ಈ ವೃತ್ತಾಂತವನ್ನು ಹೇಳುವಾಗಲೆಲ್ಲ ಬೀದಿಯು ಒಂದು ಮೆಟ್ಟಿಲಾಗಿ ಮಾತ್ರ ಉಳಿಯುತ್ತದೆ. ಕಲಾವಿದ ಅಲ್ಲಿಂದ ಏಳಬೇಕು, ಮೇಲೇರಬೇಕು. ಕನ್ನಡದ ‘ಏಳಿಗೆ’ ಎಂಬ ಪದದಲ್ಲಿಯೂ ಈ ಮೇಲ್ಮುಖ ಚಲನೆಯ ಅರ್ಥ ಸೇರಿಕೊಂಡಿರುವುದರಿಂದ ವೃತ್ತಾಂತವನ್ನು ಕನ್ನಡಕ್ಕೆ ತರುವುದು ಸುಲಭ. ಅದರೊಡನೆ ಬರುವ ಮೌಲ್ಯ ನಿರ್ಣಯವನ್ನು ಗುರುತಿಸುವುದು ಕಷ್ಟ.

2

ಹೇರೋಹಳ್ಳಿಯು ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಪ್ರದೇಶ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಯೋಜಿತ ಬಡಾವಣೆಗಳಾಗಿ ಬೆಳೆದವು. ಅವುಗಳನ್ನು ದಾಟಿ ಹೋದರೆ ಹಳೆಯ ಹಳ್ಳಿಗಳ ಹೆಸರುಗಳು ವಾರ್ಡುಗಳ ಹೆಸರುಗಳಾಗಿ ಉಳಿದಿರುವ ವಲಯ ಸಿಗುತ್ತದೆ. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಇಂಥ ಹೊರವಲಯಗಳು ಒಮ್ಮೆಲೇ ನಗರವಾದವು. ಮನೆಗಳು ಮೊದಲು ಬಂದವು. ನೀರಿನ ಕೊಳವೆ, ಒಳಚರಂಡಿ, ಡಾಂಬರು ಇವು ನಿಧಾನವಾಗಿ ಹಿಂಬಾಲಿಸಿದವು. ಹಾಕಿದ ರಸ್ತೆಯನ್ನು ಕೊಳವೆಗಾಗಿ ಅಗೆಯುವುದು, ಅಗೆದದ್ದನ್ನು ಮಣ್ಣೆಳೆದು ಬಿಡುವುದು ಇಲ್ಲಿನ ನಿವಾಸಿಗಳ ದಿನಚರಿಯ ಭಾಗ.

2019ರ ಸೆಪ್ಟೆಂಬರ್ 2ರಂದು, ಹೇರೋಹಳ್ಳಿಯ ತುಂಗಾನಗರ ಮುಖ್ಯರಸ್ತೆಯಲ್ಲಿ ಚಿತ್ರಿಸಿದ ಒಂದು ಕಿರು ವಿಡಿಯೊವನ್ನು ಕಲಾವಿದ ಬಾದಲ್ ನಂಜುಂಡಸ್ವಾಮಿ ಸಾಮಾಜಿಕ ಮಾಧ್ಯಮದಲ್ಲಿ ಪ್ರಕಟಿಸಿದರು. ಗಗನಯಾತ್ರಿಯ ಉಡುಪು ತೊಟ್ಟ ವ್ಯಕ್ತಿಯೊಬ್ಬ ರಾತ್ರಿಯ ಬೆಳಕಿನಲ್ಲಿ, ಗುರುತ್ವ ಕಡಿಮೆಯಿರುವ ನೆಲದ ಮೇಲೆ ನಡೆಯುವಂತೆ, ನಿಧಾನವಾಗಿ ಹೆಜ್ಜೆಯಿಡುತ್ತ ಕುಳಿಗಳನ್ನು ದಾಟುತ್ತಾನೆ. ನೋಡುವವರ ಕಣ್ಣಿಗೆ ಅದು ಚಂದ್ರನ ಮೇಲ್ಮೈ. ಕೆಲವು ಕ್ಷಣಗಳ ಬಳಿಕ ಅವನ ಪಕ್ಕದಲ್ಲಿಯೇ ಆಟೋ ಒಂದು ಹಾದುಹೋಗುತ್ತದೆ. ಚಂದ್ರನ ಕುಳಿಗಳು ಬೆಂಗಳೂರಿನ ರಸ್ತೆಗುಂಡಿಗಳಾಗುತ್ತವೆ. ಗಗನಯಾತ್ರಿಯಾಗಿ ನಟಿಸಿದವರು ನಟ ಪೂರ್ಣಚಂದ್ರ ಮೈಸೂರು. ವಿಡಿಯೊ ಕೆಲವೇ ಗಂಟೆಗಳಲ್ಲಿ ದೇಶದ ಹೊರಗೂ ಸುದ್ದಿಯಾಯಿತು. ಮರುದಿನವೇ ಪಾಲಿಕೆಯು ಆ ರಸ್ತೆಯ ದುರಸ್ತಿಯನ್ನು ಆರಂಭಿಸಿತು.

ಈ ಕೃತಿಯ ಕಾಲವನ್ನು ಸ್ವಲ್ಪ ವಿವರವಾಗಿ ಗಮನಿಸುವುದು ಅವಶ್ಯ. ಚಂದ್ರಯಾನ-2 ಅದೇ ವರ್ಷದ ಜುಲೈ 22ರಂದು ಉಡಾವಣೆಯಾಗಿತ್ತು. ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯಲು ಪ್ರಯತ್ನಿಸಿ ಸಂಪರ್ಕ ಕಳೆದುಕೊಂಡದ್ದು ಸೆಪ್ಟೆಂಬರ್ 7ರ ನಸುಕಿನಲ್ಲಿ. ಅಂದರೆ ವಿಡಿಯೊ ಬಂದಾಗ ಇಡೀ ದೇಶ ನಿರೀಕ್ಷೆಯಲ್ಲಿತ್ತು; ವೈಫಲ್ಯದ ನೆರಳು ಇನ್ನೂ ಬಿದ್ದಿರಲಿಲ್ಲ. ನೌಕೆಯ ಚಲನೆಯನ್ನು ನಿಯಂತ್ರಿಸುತ್ತಿದ್ದ ಇಸ್ರೋ ಕೇಂದ್ರವಿದ್ದದ್ದು ಪೀಣ್ಯದಲ್ಲಿ, ಹೇರೋಹಳ್ಳಿಗೆ ಹೆಚ್ಚು ದೂರವಲ್ಲದ ಕಡೆ. ಲಕ್ಷಾಂತರ ಕಿಲೋಮೀಟರ್ ದೂರದ ನೆಲದ ಉಬ್ಬುತಗ್ಗುಗಳನ್ನು ಅಳೆಯುತ್ತಿದ್ದ ಕೇಂದ್ರ ಮತ್ತು ತನ್ನ ಉಬ್ಬುತಗ್ಗುಗಳನ್ನು ಯಾರೂ ಅಳೆಯದ ರಸ್ತೆ ಎರಡೂ ನಗರದ ಒಂದೇ ಮಗ್ಗುಲಿನಲ್ಲಿದ್ದವು. ಇನ್ನೊಂದು ಕಾಕತಾಳೀಯವೂ ಇದೆ. ಆ ವರ್ಷ ಸೆಪ್ಟೆಂಬರ್ 2 ಗಣೇಶ ಚತುರ್ಥಿ. ಚೌತಿಯ ಚಂದ್ರನನ್ನು ನೋಡಿದವರಿಗೆ ಅಪವಾದ ತಪ್ಪದೆಂಬುದು, ಅದರ ಪರಿಹಾರಕ್ಕೆ ಶಮಂತಕ ಮಣಿಯ ಕಥೆ ಕೇಳಬೇಕೆಂಬುದು ಪರಂಪರೆಯ ನಂಬಿಕೆ. ಆ ಚೌತಿಯಂದು ಹೇರೋಹಳ್ಳಿಯ ಚಂದ್ರನನ್ನು ಲಕ್ಷಾಂತರ ಜನ ನೋಡಿದರು. ಅಪವಾದ ಮಾತ್ರ ನೋಡಿದವರನ್ನು ಬಿಟ್ಟು ಪಾಲಿಕೆಯನ್ನು ಹುಡುಕಿಕೊಂಡು ಹೋಯಿತು.

ಹಾಗೆಯೇ, ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, 2019ರ ಜುಲೈ ಕೊನೆಯಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯವು ಬೆಂಗಳೂರಿನ ರಸ್ತೆಗುಂಡಿಗಳನ್ನು ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ, ಸುಸ್ಥಿತಿಯ ರಸ್ತೆಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಡನೆ ಸಂಬಂಧಿಸಿದ್ದೆಂದೂ ಗುಂಡಿಯಿಂದ ಹಾನಿಗೊಳಗಾದವರು ಪರಿಹಾರ ಕೇಳಬಹುದೆಂದೂ ಹೇಳಿತ್ತು. ಕಾನೂನಿನ ಭಾಷೆಯಲ್ಲಿ ಹಕ್ಕಾಗಿ ನಿರೂಪಿತವಾದ ಸಂಗತಿಯೇ ಒಂದು ತಿಂಗಳಲ್ಲಿ ದೃಶ್ಯದ ಭಾಷೆಯಲ್ಲಿ ನಗೆಯಾಗಿ ಬಂತು.

ಅಲಂಕಾರಶಾಸ್ತ್ರದ ಪರಿಭಾಷೆ ಇಲ್ಲಿ ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ. ಆಟೋ ಬರುವವರೆಗಿನ ಭಾಗ ಭ್ರಾಂತಿಮದಲಂಕಾರ: ಸಾದೃಶ್ಯದಿಂದಾಗಿ ಒಂದನ್ನು ಇನ್ನೊಂದೆಂದೇ ಭ್ರಮಿಸುವುದು. ಭ್ರಾಂತಿ ಕಳೆದ ಮರುಕ್ಷಣದಲ್ಲಿ ಅದು ವ್ಯಾಜಸ್ತುತಿಯಾಗುತ್ತದೆ. ನಗರವನ್ನು ಚಂದ್ರಲೋಕಕ್ಕೆ ಏರಿಸಿದ ಹೊಗಳಿಕೆಯೇ ಅದರ ನಿಂದೆ. ಕೃತಿಯ ಅರ್ಥವೆಲ್ಲ ಆ ಒಂದು ಆಟೋದ ಪ್ರವೇಶದಲ್ಲಿದೆ. ಮುಖ್ಯವಾದ ಸಂಗತಿಯೆಂದರೆ, ಇಲ್ಲಿ ಉಪಮೇಯವಾದ ಗುಂಡಿಯು ಚಿತ್ರವಲ್ಲ, ವಸ್ತು. ಕಾವ್ಯದಲ್ಲಿ ಮುಖವನ್ನು ಚಂದ್ರನೆಂದರೆ ಮುಖಕ್ಕೆ ಏನೂ ಆಗುವುದಿಲ್ಲ. ಹೇರೋಹಳ್ಳಿಯಲ್ಲಿ ಗುಂಡಿಯನ್ನು ಚಂದ್ರನೆಂದುದರಿಂದ ಗುಂಡಿ ಮುಚ್ಚಿತು. ತನ್ನ ಉಪಮೇಯವನ್ನು ಇಲ್ಲವಾಗಿಸಿದಾಗ ಪೂರ್ಣಗೊಳ್ಳುವ ರೂಪಕ ಇದು.

3

ನಂಜುಂಡಸ್ವಾಮಿಯವರ ಹಿಂದಿನ ಕೆಲಸಗಳೊಡನೆ ಇಟ್ಟು ನೋಡಿದರೆ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೈಸೂರಿನವರಾದ ಅವರು ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ‘ಕಾವಾ’ದಲ್ಲಿ ಕಲಿತವರು, ಜಾಹೀರಾತು ಕ್ಷೇತ್ರದಲ್ಲಿಯೂ ರಂಗಭೂಮಿ ಮತ್ತು ಸಿನಿಮಾಗಳ ವಿನ್ಯಾಸದಲ್ಲಿಯೂ ದುಡಿದವರು. ಅಂದರೆ ಬೀದಿಯ ಕಲಾವಿದನೆಂದರೆ ಶಾಲೆಯ ಹೊರಗೆ ತಾನಾಗಿ ಮೊಳೆತ ಪ್ರತಿಭೆ ಎಂಬ ರಮ್ಯ ಕಲ್ಪನೆಗೆ ಅವರು ಒಗ್ಗುವುದಿಲ್ಲ. ತೆರೆದ ಮ್ಯಾನ್‌ಹೋಲ್ ಒಂದರ ಸುತ್ತ ಯಮನ ಮುಖವನ್ನು ಬರೆದು, ಆ ಕುಳಿಯನ್ನೇ ಯಮನ ತೆರೆದ ಬಾಯಾಗಿಸಿದ್ದು ಅವರ ಪ್ರಸಿದ್ಧ ಕೃತಿಗಳಲ್ಲಿ ಒಂದು. ಕಟ್ಟುತ್ತಿರುವ ಮನೆಗಳ ಮುಂದೆ ನಾಲಗೆ ಚಾಚಿ ತೂಗುವ ದೃಷ್ಟಿಗೊಂಬೆಯನ್ನು ಬಲ್ಲವರಿಗೆ ಆ ಮುಖದ ವ್ಯಾಕರಣ ಹೊಸದಲ್ಲ. ಭಯಂಕರವಾದ ಮುಖ ಹೆದರಿಸುತ್ತಲೇ ಕಾಯುತ್ತದೆ. ಪಾದಚಾರಿ ಯಮನನ್ನು ಕಂಡು ಪಕ್ಕಕ್ಕೆ ಸರಿದರೆ ಬದುಕಿಕೊಂಡ.

2015ರ ಜೂನ್‌ನಲ್ಲಿ ಉತ್ತರ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ, ನೀರು ತುಂಬಿ ನಿಂತಿದ್ದ ಸುಮಾರು 12 ಅಡಿ ಉದ್ದದ ಗುಂಡಿಯಲ್ಲಿ ಅವರು ಮೊಸಳೆಯೊಂದನ್ನು ಇಟ್ಟರು. ಅದರ ತೂಕ 20 ಕಿಲೋ, ಖರ್ಚು 6,000 ರೂಪಾಯಿ ಎಂದು ಅಂದಿನ ವರದಿಗಳು ತಿಳಿಸುತ್ತವೆ. ಗುಂಡಿ ಬೇಗನೆ ದುರಸ್ತಿಯಾಯಿತು. 2017ರ ಅಕ್ಟೋಬರಿನಲ್ಲಿ, ಮಳೆಯಿಂದ ಹದಗೆಟ್ಟ ನಗರ ಕೇಂದ್ರದ ರಸ್ತೆಯಲ್ಲಿ, ನೀಲಿ ಬಣ್ಣ ಬಳಿದ ಗುಂಡಿಯೊಳಗೆ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಕುಳಿತರು. ಈ ಮೂರನೆಯದು ಉಳಿದವುಗಳಿಗಿಂತ ದುರ್ಬಲವೆನ್ನಬೇಕಾಗುತ್ತದೆ. ಅಲ್ಲಿ ಕಣ್ಣು ನಿಲ್ಲುವುದು ನಟಿಯ ಮೇಲೆ. ಗುಂಡಿ ಆಕೆಗೊಂದು ವೇದಿಕೆಯಾಗಿಬಿಡುತ್ತದೆ. ಮೊಸಳೆಗೆ ಗುಂಡಿ ಬೇಕೇಬೇಕು, ಗಗನಯಾತ್ರಿಗೂ ಬೇಕು. ಮತ್ಸ್ಯಕನ್ಯೆಗೆ ಅಷ್ಟಾಗಿ ಬೇಡ. ಬೀದಿಚಿತ್ರದ ಗುಣವನ್ನು ಅಳೆಯಲು ಒಂದು ಮಾನದಂಡ ಬೇಕಿದ್ದರೆ ಅದು ಇಲ್ಲಿ ಸಿಗಬಹುದು: ಸ್ಥಳದಿಂದ ಎತ್ತಿದಾಗ ಕೃತಿ ಎಷ್ಟು ನಷ್ಟ ಅನುಭವಿಸುತ್ತದೆ ಎಂಬುದು. ಗ್ಯಾಲರಿಯ ಮಾನದಂಡಕ್ಕೆ ಇದು ನೇರ ವಿರುದ್ಧವಾದದ್ದು. ಗ್ಯಾಲರಿಯಲ್ಲಿ ಕೃತಿಗೆ ಬೆಲೆ ಬರುವುದು ಅದನ್ನು ಯಾವ ಗೋಡೆಗಾದರೂ ಸಾಗಿಸಬಹುದೆಂಬ ಕಾರಣದಿಂದ.

ಸ್ಥಾವರ–ಜಂಗಮಗಳ ಜೋಡಿಯನ್ನು ಇಲ್ಲಿಗೆ ಎಳೆದು ತರುವ ಆಸೆ ಕನ್ನಡದ ಅಧ್ಯೇತೃವಿಗೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಅದು ಹೊಂದುವುದಿಲ್ಲ. ಸ್ಥಳಕ್ಕೆ ಅಂಟಿಕೊಂಡಿರುವ ಬೀದಿಕೃತಿ ಅಳಿಯುತ್ತದೆ, ಸಂಚಾರಿಯಾದ ಗ್ಯಾಲರಿಯ ಕೃತಿ ವಿಮೆ ಮಾಡಿಸಿಕೊಂಡು ಉಳಿಯುತ್ತದೆ. ಹನ್ನೆರಡನೆಯ ಶತಮಾನದ ಪರಿಭಾಷೆಯನ್ನು ಇದರ ಮೇಲೆ ಹೊದಿಸಿದರೆ ಎರಡಕ್ಕೂ ಅನ್ಯಾಯ. ಅದಕ್ಕಿಂತ ಮನೆಯ ಮುಂದಿನ ರಂಗೋಲಿ ಹತ್ತಿರದ ಸಾದೃಶ್ಯ. ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ದಿನವೂ ಬೆಳಿಗ್ಗೆ ಬರೆದು ಸಂಜೆಯೊಳಗೆ ತುಳಿತಕ್ಕೆ ಸಿಕ್ಕುವ ಆ ಚಿತ್ರಕ್ಕೆ ಅಳಿವು ಅಪಮಾನವಲ್ಲ. ಆದರೂ ವ್ಯತ್ಯಾಸವಿದೆ: ರಂಗೋಲಿ ಗುಡಿಸಿ ಸಾರಿಸಿದ ನೆಲಕ್ಕೆ ಸಲ್ಲುವ ಶುಭದ ಗುರುತು, ನಂಜುಂಡಸ್ವಾಮಿಯವರ ಕೃತಿ ಯಾರೂ ಗುಡಿಸದ ನೆಲದ ಮೇಲಿನ ದೂರು.

ದೂರಿನ ಈ ರೂಪಕ್ಕೂ ಕರ್ನಾಟಕದಲ್ಲಿ ಪೂರ್ವಪರಂಪರೆಯಿದೆ. 1980ರ ದಶಕದಲ್ಲಿ ರೈತಸಂಘವು ಹಳ್ಳಿಗಳ ಪ್ರವೇಶದಲ್ಲಿ, ಅನುಮತಿಯಿಲ್ಲದೆ ಅಧಿಕಾರಿಗಳು ಒಳಬರಕೂಡದೆಂದು ಫಲಕಗಳನ್ನು ನೆಟ್ಟಿತ್ತು. ಪ್ರಭುತ್ವವನ್ನು ಬೀದಿಯಲ್ಲಿಯೇ ನಿಲ್ಲಿಸಿ ಮಾತನಾಡಿಸಿದ ಬರಹ ಅದು. ಹೇರೋಹಳ್ಳಿಯ ಕೃತಿಯ ಸಂಬೋಧನೆಯೂ ಪಾಲಿಕೆಗೇ. ವಿಡಿಯೊವನ್ನು ಪ್ರಕಟಿಸಿದಾಗ ಕಲಾವಿದರು ಪಾಲಿಕೆಯ ಖಾತೆಗಳನ್ನೇ ಕರೆದು ತೋರಿಸಿದ್ದರು. ಅಂತರವಿರುವುದು ಅಕ್ಷರದಲ್ಲಿ. ಫಲಕದಲ್ಲಿ ಕನ್ನಡವಿತ್ತು, ಗುಂಡಿಯಲ್ಲಿ ಪದವೇ ಇಲ್ಲ. ಪದವಿಲ್ಲದ್ದರಿಂದಲೇ ಅದು ಹಲವು ಭಾಷೆಗಳ ನಗರದಲ್ಲಿಯೂ ನಗರದಾಚೆಗೂ ತಕ್ಷಣ ತಲುಪಿತು. ಸಂಘಟನೆಯ ಬಲವಿಲ್ಲದೆ ಒಬ್ಬನೇ ಕಲಾವಿದ ಆಡಬೇಕಾಗಿ ಬಂದುದರ ಸೂಚನೆಯೂ ಆ ಮೌನದಲ್ಲಿರಬಹುದು.

4

ಗೋಡೆಯಿಂದ ಚೌಕಟ್ಟಿಗೆ ಹೋಗುವಾಗ ಏನಾಗುತ್ತದೆ ಎಂಬುದಕ್ಕೆ ಬಾಸ್ಕಿಯಾನ ಒಂದು ಚಿತ್ರವೇ ಉತ್ತಮ ನಿದರ್ಶನ. 1983ರ ಸೆಪ್ಟೆಂಬರಿನಲ್ಲಿ ಮೈಕೆಲ್ ಸ್ಟೀವರ್ಟ್ ಎಂಬ 25 ವರ್ಷದ ಕಪ್ಪು ಯುವಕನನ್ನು, ಸುರಂಗ ರೈಲುನಿಲ್ದಾಣದ ಗೋಡೆಯ ಮೇಲೆ ಬರೆದನೆಂಬ ಆರೋಪದ ಮೇಲೆ ನ್ಯೂಯಾರ್ಕಿನ ಪೊಲೀಸರು ಬಂಧಿಸಿದರು. ಬಂಧನದಲ್ಲಿ ಪ್ರಜ್ಞೆ ತಪ್ಪಿದ ಅವನು ಕೆಲವು ದಿನಗಳ ಬಳಿಕ ಸತ್ತ. ಬಾಸ್ಕಿಯಾ ಆ ಸಾವಿನ ಚಿತ್ರವನ್ನು ಗೆಳೆಯ ಕೀತ್ ಹೇರಿಂಗ್‌ನ ಸ್ಟುಡಿಯೋದ ಗೋಡೆಯ ಮೇಲೆ ಬರೆದ. ಕೋಲೆತ್ತಿದ ಇಬ್ಬರು ಪೊಲೀಸರು, ನಡುವೆ ಕಪ್ಪು ಆಕೃತಿ, ಮೇಲೆ ‘ವಿರೂಪಗೊಳಿಸುವಿಕೆ’ ಎಂಬರ್ಥದ ಒಂದು ಪದ. ಅದರ ಎರಡೂ ಕಡೆ ಪ್ರಶ್ನಾರ್ಥಕ ಚಿಹ್ನೆ. ಹೇರಿಂಗ್ ಆ ಸ್ಟುಡಿಯೋ ಬಿಡುವಾಗ ಗೋಡೆಯ ಆ ಭಾಗವನ್ನೇ ಕತ್ತರಿಸಿ ತೆಗೆದು, ಮುಂದೆ ಅಲಂಕೃತವಾದ ಚೌಕಟ್ಟು ಹಾಕಿಸಿ ಮನೆಯಲ್ಲಿ ಇಟ್ಟುಕೊಂಡ. 2019ರಲ್ಲಿ, ಹೇರೋಹಳ್ಳಿಯಲ್ಲಿ ಗಗನಯಾತ್ರಿ ನಡೆದ ಹೊತ್ತಿಗೆ, ಆ ಗೋಡೆಯ ತುಂಡು ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಸಂಗ್ರಹಾಲಯದ ಪ್ರದರ್ಶನದಲ್ಲಿತ್ತು.

ಗೋಡೆಯನ್ನು ಕತ್ತರಿಸದಿದ್ದರೆ ಆ ಚಿತ್ರ ಇಂದು ಇರುತ್ತಿರಲಿಲ್ಲ, ಸ್ಟೀವರ್ಟನ ಸಾವಿನ ನೆನಪೂ ಇಷ್ಟು ಗಟ್ಟಿಯಾಗಿ ಉಳಿಯುತ್ತಿರಲಿಲ್ಲ. ಆದುದರಿಂದ ಗ್ಯಾಲರಿಯನ್ನು ಖಳನನ್ನಾಗಿಸುವ ವಾದ ಸಾಲದು. ‘ವಿರೂಪ’ ಎಂಬ ಪದವನ್ನು ಮಾತ್ರ ಗಮನಿಸಬೇಕು. ಕರ್ನಾಟಕದಲ್ಲಿಯೂ ಬಯಲು ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ ಕಾಯಿದೆ 1981ರಲ್ಲಿ ಬಂತು. ಕಾನೂನಿನ ಕಣ್ಣಿಗೆ, ಅನುಮತಿಯಿಲ್ಲದೆ ಬಣ್ಣ ಬಳಿದ ಗೋಡೆ ವಿರೂಪಗೊಂಡ ಗೋಡೆ. ಅಗೆದು ಬಿಟ್ಟ ರಸ್ತೆ ವಿರೂಪವೋ ಅಲ್ಲವೋ ಎಂಬ ಪ್ರಶ್ನೆಯನ್ನು ಕೇಳಿದ್ದು ಹೇರೋಹಳ್ಳಿಯ ಕೃತಿ. ಬಾಸ್ಕಿಯಾನ ಪ್ರಶ್ನಾರ್ಥಕ ಚಿಹ್ನೆಯೂ ಹೀಗೆಯೇ ವಿರೂಪದ ಹೊಣೆಯನ್ನು ಬರೆದವನಿಂದ ಆಳುವವನ ಕಡೆಗೆ ತಿರುಗಿಸುತ್ತದೆ.

ಅನುಮತಿಯಿರುವ ಗೋಡೆಚಿತ್ರದ ಕಥೆ ಬೇರೆ. 2009ರಲ್ಲಿ ಪಾಲಿಕೆಯೇ ಬೆಂಗಳೂರಿನ ಗೋಡೆಗಳ ಮೇಲೆ ಹಂಪಿ, ಜೋಗ, ಮೈಸೂರು ಅರಮನೆ, ಯಕ್ಷಗಾನದ ವೇಷಗಳನ್ನು ಬರೆಸಿತು. ಭಿತ್ತಿಪತ್ರಗಳಿಂದ ಗೋಡೆಯನ್ನು ಕಾಪಾಡುವುದು ಅದರ ಉದ್ದೇಶ. ಬರೆದವರಲ್ಲಿ ಅನೇಕರು ಸಿನಿಮಾ ಬ್ಯಾನರು, ನಾಮಫಲಕಗಳನ್ನು ಬರೆದು ಬದುಕಿ, ಫ್ಲೆಕ್ಸ್ ಬಂದಮೇಲೆ ಕೆಲಸ ಕಳೆದುಕೊಂಡಿದ್ದವರು. ನಗರದ ಅತಿ ಹೆಚ್ಚು ಜನ ನೋಡಿದ ಚಿತ್ರಗಳು ಅವರವೇ ಆಗಿದ್ದರೂ ಕಲಾಚರಿತ್ರೆಯಲ್ಲಿ ಅವರ ಹೆಸರುಗಳಿಲ್ಲ. ಅವರನ್ನು ಕಲಾವಿದರೆಂದು ಕರೆಯಲು ವಿಮರ್ಶೆಗೆ ಇದ್ದ ಸಂಕೋಚ, ನಂಜುಂಡಸ್ವಾಮಿಯವರನ್ನು ಕರೆಯುವಾಗ ಇಲ್ಲದಿರುವುದಕ್ಕೆ ಕಾವಾದ ಶಿಕ್ಷಣ ಮತ್ತು ಮಾಧ್ಯಮದ ಗಮನ ಎರಡೂ ಕಾರಣ. ಚಿತ್ರಕಲಾ ಪರಿಷತ್ತು 2004ರಿಂದ ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯೇ ಗ್ಯಾಲರಿಯಾಗುತ್ತದೆ. ಅಲ್ಲಿ ಚಿತ್ರ ರಸ್ತೆಯ ಮೇಲಿರುತ್ತದೆ. ರಸ್ತೆಯ ಬಗ್ಗೆ ಇರುವುದು ಅಪರೂಪ.

5

ಗ್ಯಾಲರಿಯ ಏಣಿಯನ್ನು ಪಕ್ಕಕ್ಕಿಟ್ಟ ಮಾತ್ರಕ್ಕೆ ಎಲ್ಲವೂ ಸರಳವಾಗುವುದಿಲ್ಲ. ಹೇರೋಹಳ್ಳಿಯದೂ ಒಂದು ತ್ವರಿತ ಏಳಿಗೆಯೇ. ಬಾಸ್ಕಿಯಾನಿಗೆ ಬೀದಿಯಿಂದ ಕಾಸೆಲ್‌ಗೆ ಹೋಗಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಗಗನಯಾತ್ರಿಗೆ ತುಂಗಾನಗರದಿಂದ ಜಗತ್ತನ್ನು ಸುತ್ತಲು ಒಂದು ದಿನ ಸಾಕಾಯಿತು. ಗ್ಯಾಲರಿ ಮಾಡುತ್ತಿದ್ದ ಆಯ್ಕೆಯ ಕೆಲಸವನ್ನು ಇಲ್ಲಿ ಸಾಮಾಜಿಕ ಮಾಧ್ಯಮ ಮಾಡಿತು. ಪಾಲಿಕೆ ಸ್ಪಂದಿಸಿದ್ದು ಗುಂಡಿಗೋ ಸುದ್ದಿಗೋ ಎಂಬ ಅನುಮಾನ ಹಾಗೆಯೇ ಉಳಿಯುತ್ತದೆ. ಚಂದ್ರನಾಗುವ ಭಾಗ್ಯ ದೊರೆತ ರಸ್ತೆಗೆ ಡಾಂಬರು ಬಂದರೆ, ಅದರ ಪಕ್ಕದ ಅಡ್ಡರಸ್ತೆಗೆ ಕಲಾವಿದ ಬರುವವರೆಗೆ ಕಾಯುವ ಗತಿಯೇ? ಕೃತಿಯ ಯಶಸ್ಸು ಆಡಳಿತಕ್ಕೆ ಒಂದು ಸುಲಭದ ದಾರಿಯನ್ನೂ ತೆರೆದುಕೊಡುತ್ತದೆ: ಒಂದು ಗುಂಡಿ ಮುಚ್ಚಿ ಹಲವು ಗುಂಡಿಗಳ ಮಾತನ್ನು ಮುಗಿಸುವ ದಾರಿ.

ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ಗ್ಯಾಲರಿ ಕೃತಿಯನ್ನು ಬೀದಿಯಿಂದ ಕಿತ್ತರೂ ಕಲಾವಿದನಿಗೆ ಹಣ ಕೊಡುತ್ತದೆ. ಮೊಸಳೆಯ 6,000 ರೂಪಾಯಿ ಖರ್ಚೇ ಹೊರತು ಬೆಲೆಯಲ್ಲ. ಆ ಕೃತಿಯನ್ನು ಕೊಳ್ಳುವವರಿಲ್ಲ, ಅದರ ಫಲವನ್ನು ಉಂಡ ರಸ್ತೆಯ ಜನ ಕೊಳ್ಳಬೇಕಾಗಿಯೂ ಇಲ್ಲ. ಬೇರೆ ಕಡೆ ದುಡಿದು ಬೀದಿಗೆ ಸುರಿಯುವ ಈ ವ್ಯವಸ್ಥೆ ಎಷ್ಟು ಜನ ಕಲಾವಿದರಿಗೆ ಸಾಧ್ಯ? ಬೀದಿನಾಟಕದ ತಂಡಗಳನ್ನು ಬಾಧಿಸಿದ್ದೂ ಇದೇ ಪ್ರಶ್ನೆ. ಇದರ ಜೊತೆಗೆ ಹಣೆಪಟ್ಟಿಯ ಕಷ್ಟ. ಬಾಸ್ಕಿಯಾನನ್ನು ಕೊನೆಯವರೆಗೂ ‘ಗ್ರಾಫಿಟಿ’ಯ ಹೆಸರು ಬಿಡಲಿಲ್ಲ, ಮನುಷ್ಯದೇಹ, ಸಂಗೀತ, ಗುಲಾಮಗಿರಿಯ ಚರಿತ್ರೆಗಳನ್ನು ಕುರಿತ ಅವನ ಚಿತ್ರಗಳನ್ನೂ ಆ ಹೆಸರಿನಿಂದಲೇ ಓದಲಾಯಿತು. ನಂಜುಂಡಸ್ವಾಮಿಯವರನ್ನು ರಸ್ತೆಗುಂಡಿಯ ಕಲಾವಿದರೆಂದು ಮಾತ್ರ ಗುರುತಿಸುವ ಸುದ್ದಿಭಾಷೆಯೂ ಅಂಥದೇ ಒಂದು ಚೌಕಟ್ಟು. ಗ್ಯಾಲರಿಯಿಲ್ಲದೆಯೂ ಚೌಕಟ್ಟು ಬೀಳುತ್ತದೆ.

ಕನ್ನಡದಲ್ಲಿ ಕಲಾವಿಮರ್ಶೆಗೆ ಬಡತನವಿಲ್ಲ. ಶಿವರಾಮ ಕಾರಂತರಿಂದ ಮೊದಲ್ಗೊಂಡು ಅನಕೃ ಅವರವರೆಗೆ ಸಾಹಿತಿಗಳೇ ಚಿತ್ರಕಲೆಯನ್ನು ಕುರಿತು ಗ್ರಂಥಗಳನ್ನು ಬರೆದಿದ್ದಾರೆ. ಆ ಬರಹಗಳ ಮುಂದೆ ಇದ್ದದ್ದು ಉಳಿಯುವ ಚಿತ್ರ: ಗುಹೆಯದು, ಅರಮನೆಯದು, ಪಟದ್ದು. ಉಳಿಯದಿರುವುದೇ ಗುಣವಾದ ಕೃತಿಯನ್ನು ದಾಖಲಿಸುವ ಕ್ರಮ ಇನ್ನೂ ರೂಪುಗೊಳ್ಳಬೇಕಾಗಿದೆ. ಸಾಮಾನ್ಯ ಕೃತಿಸೂಚಿಯೊಂದು ಕಲಾವಿದನ ಹೆಸರು, ಮಾಧ್ಯಮ, ಅಳತೆ, ವರ್ಷ, ಸಂಗ್ರಹ ಎಂಬ ಕ್ರಮದಲ್ಲಿ ವಿವರಗಳನ್ನು ಕೊಡುತ್ತದೆ. ಹೇರೋಹಳ್ಳಿಯ ಕೃತಿಗೆ ಈ ನಮೂನೆಯನ್ನು ತುಂಬಲು ಹೊರಟರೆ ಮಾಧ್ಯಮದ ಕಡೆ ರಸ್ತೆಗುಂಡಿ, ರಾತ್ರಿ, ನಟನ ನಡಿಗೆ, ಆಟೋ ಎಂದೂ ವರ್ಷದ ಕಡೆ ಎರಡು ದಿನಾಂಕಗಳನ್ನೂ ಬರೆಯಬೇಕಾಗುತ್ತದೆ: 2019ರ ಸೆಪ್ಟೆಂಬರ್ 2 ಮತ್ತು ದುರಸ್ತಿ ಆರಂಭವಾದ ಸೆಪ್ಟೆಂಬರ್ 3. 2025ರಲ್ಲಿ ಪಾಲಿಕೆಯೇ ವಿಭಜನೆಗೊಂಡು ಐದು ನಗರಪಾಲಿಕೆಗಳಾದುದರಿಂದ, ಕೃತಿಯು ಯಾರನ್ನು ಸಂಬೋಧಿಸಿತ್ತೋ ಆ ಸಂಸ್ಥೆಯ ಹೆಸರಿನ ಮುಂದೆ ಈಗ ‘ಅಂದಿನ’ ಎಂದು ಸೇರಿಸಬೇಕು. ಸಂಗ್ರಹದ ಕಡೆ ತುಂಗಾನಗರ ಮುಖ್ಯರಸ್ತೆ, ಡಾಂಬರಿನ ಕೆಳಗೆ.